ತೆರವಿನ ನೋಟಿಸ್ ಬಂದಾಗ: ಮಸೀದಿ, ದರ್ಗಾ, ಚರ್ಚ್ ಸಮಿತಿಗಳಿಗೆ ಕೈಪಿಡಿ

ನೋಟಿಸ್ ಬಂದ ದಿನ ಸಮಿತಿಯವರು ಸಾಮಾನ್ಯವಾಗಿ ಶಾಸಕರ ಮನೆಗೆ ಹೋಗುತ್ತಾರೆ. ಅದಕ್ಕಿಂತ ಮೊದಲು ಹೋಗಬೇಕಾದದ್ದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ. ಕಟ್ಟಡ ಎಷ್ಟು ಹಳೆಯದು, ಎಷ್ಟು ಜನ ಪ್ರಾರ್ಥನೆಗೆ ಬರುತ್ತಾರೆ ಎಂದು ವಿಚಾರಿಸುವ ಮುಂಚೆ ಅಧಿಕಾರಿಯೂ ನ್ಯಾಯಾಲಯವೂ ಕೇಳುವುದು ಒಂದೇ ಪ್ರಶ್ನೆ: ದಾಖಲೆಯಲ್ಲಿ ಈ ನೆಲ ಏನು? ಖಾಸಗಿ ಹಿಡುವಳಿಯೇ, ವಕ್ಫ್ ಆಸ್ತಿಯೇ, ಗ್ರಾಮಠಾಣವೇ, ಗೋಮಾಳವೇ, ರಸ್ತೆಯೇ, ಕೆರೆಯಂಗಳವೇ? ಈ ಉತ್ತರ ಬದಲಾದರೆ ಅನ್ವಯಿಸುವ ಕಾಯ್ದೆ, ಸಿಗುವ ಕಾಲಾವಕಾಶ, ಮೇಲ್ಮನವಿಯ ಜಾಗ ಎಲ್ಲವೂ ಬದಲಾಗುತ್ತವೆ. 2022ರ ಫೆಬ್ರವರಿಯಲ್ಲಿ ಮುಳಬಾಗಿಲು ತಾಲ್ಲೂಕಿನ ಗೋಕುಂಟೆಯಲ್ಲಿ ಸುಮಾರು 20 ಅಡಿಯ ಯೇಸು ಪ್ರತಿಮೆಯನ್ನು ತಾಲ್ಲೂಕು ಆಡಳಿತ ಕೆಡವಿದ್ದು ಅದು ಗೋಮಾಳದಲ್ಲಿದೆ ಎಂಬ ಕಾರಣ ಕೊಟ್ಟು. ಅಲ್ಲಿನ ಜನರ ವರ್ಷಗಳ ಭಕ್ತಿಗೆ ಆ ಒಂದು ಪದದ ಮುಂದೆ ತೂಕ ಸಿಗಲಿಲ್ಲ.

ಆದ್ದರಿಂದ ನೋಟಿಸ್ ಬರುವವರೆಗೆ ಕಾಯಬೇಡಿ. ಈ ಕೈಪಿಡಿಯ ಮೊದಲ ಭಾಗದ ಕೆಲಸವನ್ನು ಯಾವ ವಿವಾದವೂ ಇಲ್ಲದಾಗಲೇ ಮಾಡಿ ಮುಗಿಸಿ.

ನೆಲದ ದಾಖಲೆ ಕೂಡಿಸುವುದು

ಸರ್ವೆ ನಂಬರ್ ಗೊತ್ತಿಲ್ಲದಿದ್ದರೆ ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆದು ಸ್ಥಳದಲ್ಲೇ ನಿಂತು ನೋಡಿ. ಅದು ಅಂದಾಜು ಮಾತ್ರ, ನ್ಯಾಯಾಲಯದಲ್ಲಿ ಪುರಾವೆಯಾಗದು. ನಂಬರ್ ಸಿಕ್ಕ ಮೇಲೆ ಪಹಣಿ, ಮ್ಯುಟೇಷನ್ (ಹಕ್ಕು ಬದಲಾವಣೆ) ರಿಜಿಸ್ಟರ್, ಆಕಾರಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ), ಟಿಪ್ಪಣಿ (ಮೂಲ ಸರ್ವೆಯ ಅಳತೆ ಹಾಳೆ), ಗ್ರಾಮ ನಕ್ಷೆಗಳ ದೃಢೀಕೃತ ನಕಲು ಪಡೆಯಿರಿ. ಝೆರಾಕ್ಸ್ ಸಾಲದು. ಇಂದಿನ ಪಹಣಿಯೊಂದನ್ನೇ ನೋಡಿ ಸಮಾಧಾನಪಡಬೇಡಿ. ಗಣಕೀಕರಣಕ್ಕೆ ಮುಂಚಿನ ಕೈಬರಹದ ಪಹಣಿಗಳನ್ನು ಸಿಗುವಷ್ಟು ಹಿಂದಕ್ಕೆ ತೆಗೆಸಿ. 9ನೇ ಕಾಲಂನಲ್ಲಿ ‘ಮಸೀದಿ’, ‘ಖಬರಸ್ತಾನ’, ‘ಇನಾಂ’ ಎಂದಿದ್ದ ನಮೂದು ಯಾವುದೋ ವರ್ಷ ‘ಸರ್ಕಾರಿ’ ಎಂದಾಗಿರುವುದುಂಟು. ಯಾವ ಆದೇಶದ ಮೇಲೆ ಹಾಗಾಯಿತು ಎಂದು ಕೇಳಲು ನಿಮ್ಮ ಕೈಯಲ್ಲಿ ಹಳೆಯ ಹಾಳೆ ಇರಬೇಕು.

ಖರಾಬು ಎಂಬ ಪದ ಕಂಡರೆ ಅದು ‘ಎ’ ಖರಾಬೋ ‘ಬಿ’ ಖರಾಬೋ ನೋಡಿ. ಬಂಡೆಯಂಥ ಕಾರಣಕ್ಕೆ ಸಾಗುವಳಿಗೆ ಬಾರದ್ದು ಎ ಖರಾಬು. ಅದು ಆ ಸರ್ವೆ ನಂಬರಿನ ಹಿಡುವಳಿಯ ಜೊತೆಗೇ ಸಾಗುತ್ತದೆ. ಬಿ ಖರಾಬು ಎಂದರೆ ರಸ್ತೆ, ಸ್ಮಶಾನ, ಕೆರೆ, ಹಳ್ಳಗಳಂತೆ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು. ಕಟ್ಟಡದ ಅರ್ಧ ಹಿಡುವಳಿಯಲ್ಲಿ, ನಮಾಜಿಗೆ ಮುನ್ನ ಕೈಕಾಲು ತೊಳೆಯುವ ವುಜೂ ಕಟ್ಟೆಯೋ ಚರ್ಚಿನ ಗಂಟೆ ಗೋಪುರವೋ ಬಿ ಖರಾಬಿನಲ್ಲಿ ಇರುವ ಪ್ರಕರಣಗಳೇ ಹೆಚ್ಚು ತೊಡಕಿನವು. ಇದನ್ನು ಬಿಡಿಸಲು ಇರುವ ಒಂದೇ ದಾರಿ ಹದ್ದುಬಸ್ತು, ಅಂದರೆ ಗಡಿ ಗುರುತಿಸುವ ಅಳತೆ. ನಾಡಕಚೇರಿಯಲ್ಲಿ ಶುಲ್ಕ ಕಟ್ಟಿ ಅರ್ಜಿ ಹಾಕಿ, ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸ್ ಹೋಗಿದೆಯೇ ನೋಡಿಕೊಳ್ಳಿ. ನೋಟಿಸ್ ಹೋಗದ ಅಳತೆಯನ್ನು ಮುಂದೆ ಯಾರು ಬೇಕಾದರೂ ಪ್ರಶ್ನಿಸಬಹುದು.

ಎರಡನೆಯ ಕಟ್ಟು ಕಟ್ಟಡದ್ದು: ಪಂಚಾಯಿತಿ ಅಥವಾ ನಗರಸಭೆಯ ಪರವಾನಗಿ, ಅನುಮೋದಿತ ನಕ್ಷೆ, ಇ-ಖಾತೆ ಅಥವಾ ನಮೂನೆ 9 ಮತ್ತು 11, ತೆರಿಗೆ ರಸೀದಿ ಅಥವಾ ವಿನಾಯಿತಿಯ ಆದೇಶ, ವಿದ್ಯುತ್ತಿನ ಆರ್‌ಆರ್ ನಂಬರ್ ಸಿಕ್ಕ ದಿನಾಂಕ, ನೀರಿನ ಸಂಪರ್ಕದ ಪತ್ರ. ಪರವಾನಗಿ ನೆಲಮಹಡಿಗೆ ಸಿಕ್ಕು ಮೇಲೆ ಎರಡು ಮಹಡಿ ಎದ್ದಿದ್ದರೆ ಆ ಸತ್ಯ ಸಮಿತಿಗೆ ಮೊದಲೇ ಗೊತ್ತಿರಲಿ. ವಕೀಲರಿಗೆ ಅದು ವಿಚಾರಣೆಯ ದಿನ ಗೊತ್ತಾಗಬಾರದು. ಪೂರ್ಣಗೊಂಡ ಅಥವಾ ವಾಸಯೋಗ್ಯ ಪ್ರಮಾಣಪತ್ರ ನೋಡಿಯೇ ಕಟ್ಟಡಕ್ಕೆ ನೀರು, ವಿದ್ಯುತ್ ಕೊಡಬೇಕೆಂದೂ, ಅನೇಕ ವರ್ಷ ಸುಮ್ಮನಿದ್ದ ಮಾತ್ರಕ್ಕೆ ಅಕ್ರಮ ಕಟ್ಟಡ ಸಕ್ರಮವಾಗದೆಂದೂ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ಹೇಳಿದೆ. ‘ಇಷ್ಟು ವರ್ಷ ಯಾರೂ ಕೇಳಲಿಲ್ಲ’ ಎಂಬ ವಾದಕ್ಕೆ ಇನ್ನು ಬಲವಿಲ್ಲ.

ವಕ್ಫ್ ಆಸ್ತಿಗೆ ಪ್ರತ್ಯೇಕ ಎಚ್ಚರ ಬೇಕು. ಗೆಜೆಟ್ ಅಧಿಸೂಚನೆಯ ಪ್ರತಿ, ವಕ್ಫ್ ಮಂಡಳಿಯ ನೋಂದಣಿ ಪ್ರಮಾಣಪತ್ರ, ಈಗಿನ ಸಮಿತಿಗೆ ಮಂಡಳಿ ಕೊಟ್ಟ ಮಾನ್ಯತೆಯ ಆದೇಶ, ಈ ಮೂರೂ ಬೇಕು. 2025ರ ಏಪ್ರಿಲ್ 8ರಂದು ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಬಳಕೆಯಿಂದಲೇ ವಕ್ಫ್ ಆದ ಆಸ್ತಿಗಳಲ್ಲಿ ಆ ದಿನಕ್ಕೆ ಮುಂಚೆ ನೋಂದಣಿಯಾದವು ಮಾತ್ರ ವಕ್ಫ್ ಆಗಿ ಉಳಿಯುತ್ತವೆ. ವಿವಾದದಲ್ಲಿರುವವು, ಸರ್ಕಾರಿ ಆಸ್ತಿ ಎನಿಸಿಕೊಂಡವು ಅದರಲ್ಲೂ ಹೊರಗೆ. 2025ರ ಸೆಪ್ಟೆಂಬರ್ 15ರ ಮಧ್ಯಂತರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಕೆಲವು ಕಲಮುಗಳನ್ನು ತಡೆಹಿಡಿಯಿತು, ಆದರೆ ನೋಂದಣಿಯ ಅಗತ್ಯವನ್ನು ತಡೆಯಲಿಲ್ಲ. ವಕ್ಫ್ ಆಸ್ತಿಗಳನ್ನು ದಾಖಲಿಸುವ ಕೇಂದ್ರ ಸರ್ಕಾರದ ಉಮೀದ್ ಪೋರ್ಟಲ್‌ನಲ್ಲಿ ವಿವರ ತುಂಬುವ ಆರು ತಿಂಗಳ ಗಡುವು ಆ ವರ್ಷದ ಡಿಸೆಂಬರ್ ಮೊದಲ ವಾರದಲ್ಲಿ ಮುಗಿಯಿತು. ತುಂಬದವರು ತಕ್ಕ ಕಾರಣ ತೋರಿಸಿ ವಕ್ಫ್ ನ್ಯಾಯಮಂಡಳಿಯಿಂದಲೇ ಕಾಲಾವಕಾಶ ಕೇಳಬೇಕು. ನಿಮ್ಮ ಆಸ್ತಿಯ ಸ್ಥಿತಿ ಏನಾಗಿದೆ ಎಂದು ಮಂಡಳಿಯ ಜಿಲ್ಲಾ ಕಚೇರಿಯಲ್ಲಿ ಬರಹದಲ್ಲಿ ಕೇಳಿ ತಿಳಿಯಿರಿ.

ಇನ್ನೊಂದು ಮಾತು. ವಿಜಯಪುರ ಜಿಲ್ಲೆಯಲ್ಲಿ ರೈತರ ಪಹಣಿಗಳಲ್ಲಿ ವಕ್ಫ್ ಹೆಸರು ನಮೂದಾದ ವಿವಾದ ಎದ್ದಾಗ, 2024ರ ನವೆಂಬರ್‌ನಲ್ಲಿ, ನೋಟಿಸ್ ಮತ್ತು ಮ್ಯುಟೇಷನ್‌ಗಳನ್ನು ಹಿಂಪಡೆಯಲು ಸರ್ಕಾರ ಸೂಚಿಸಿತ್ತು. ರೈತರ ಹಕ್ಕಿನ ದೃಷ್ಟಿಯಿಂದ ಅದು ಆಗಬೇಕಿದ್ದ ಕೆಲಸವೇ. ಆದರೆ ಮಸೀದಿಯೋ ಖಬರಸ್ತಾನವೋ ಇರುವ ನಿಮ್ಮ ಪಹಣಿಯ 11ನೇ ಕಾಲಂನಲ್ಲಿದ್ದ ‘ವಕ್ಫ್’ ನಮೂದು ಈಗಲೂ ಇದೆಯೇ ಎಂದು ಒಮ್ಮೆ ತೆಗೆದು ನೋಡಿ. ಅಂದಹಾಗೆ 11ನೇ ಕಾಲಂನ ನಮೂದು ಒಂದೇ ಒಡೆತನವನ್ನು ಸಾಬೀತು ಮಾಡುವುದಿಲ್ಲ. ಗೆಜೆಟ್, ನೋಂದಣಿ ಜೊತೆಗಿದ್ದರೆ ಮಾತ್ರ ಅದಕ್ಕೆ ಬಲ.

ಚರ್ಚುಗಳಲ್ಲಿ ತೊಡಕು ಬೇರೆ ರೀತಿಯದು. ಧರ್ಮಪ್ರಾಂತ್ಯದ ಟ್ರಸ್ಟ್ ಹೆಸರಿನಲ್ಲಿರುವ ಆಸ್ತಿಗೆ ಸಾಮಾನ್ಯವಾಗಿ ಕಾಗದ ಸರಿಯಿರುತ್ತದೆ. ಸ್ವತಂತ್ರ ಪ್ರಾರ್ಥನಾ ಸಭೆಗಳ ನಿವೇಶನ ಪಾಸ್ಟರರ ಸ್ವಂತ ಹೆಸರಿನಲ್ಲಿರುತ್ತದೆ, ಭೂಪರಿವರ್ತನೆ ವಾಸದ ಉದ್ದೇಶಕ್ಕಾಗಿರುತ್ತದೆ, ಮೇಲೆ ಪ್ರಾರ್ಥನಾ ಮಂದಿರ ಇರುತ್ತದೆ. ಒತ್ತುವರಿ ಎಂದು ಹೇಳಲಾಗದ ಇಂಥ ಕಡೆ ಬರುವುದು ‘ಉದ್ದೇಶ ಬದಲಾವಣೆ’ಯ ನೋಟಿಸ್. ಆಸ್ತಿಯನ್ನು ನೋಂದಾಯಿತ ಟ್ರಸ್ಟಿಗೆ ವರ್ಗಾಯಿಸಿ, ಯೋಜನಾ ಪ್ರಾಧಿಕಾರದಿಂದ ಸಾರ್ವಜನಿಕ ಮತ್ತು ಅರೆಸಾರ್ವಜನಿಕ ಬಳಕೆಗೆ ಬದಲಾವಣೆ ಕೇಳುವುದೇ ಪರಿಹಾರ. ಪಾಸ್ಟರ್ ತೀರಿಕೊಂಡ ಮೇಲೆ ವಾರಸುದಾರರ ನಡುವೆ ಇದನ್ನು ಮಾಡಿಸುವುದು ಹತ್ತು ಪಟ್ಟು ಕಷ್ಟ.

ದುರಸ್ತಿಯೇ ವಿವಾದವಾಗುವ ಜಾಗಗಳು

ವಿಜಯಪುರ, ಕಲಬುರಗಿ, ಬೀದರ್, ಶ್ರೀರಂಗಪಟ್ಟಣಗಳಲ್ಲಿ ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. 100 ಮೀಟರ್ ಒಳಗಿನ ಹಳೆಯ ಕಟ್ಟಡವನ್ನು ದುರಸ್ತಿ ಮಾಡಬಹುದು, ಆದರೆ ಅನುಮತಿ ಪಡೆದ ನಂತರ. ಶುಕ್ರವಾರದ ಜನಸಂದಣಿಗೆಂದು ತಗಡಿನ ಮಾಡು ಎಳೆದದ್ದೂ ಹೊಸ ನಿರ್ಮಾಣದ ಲೆಕ್ಕಕ್ಕೆ ಬರಬಹುದು.

ಹಳೆಯ ಮಸೀದಿಯ ನವೀಕರಣಕ್ಕೆ ಕೈಹಾಕುವ ಮುನ್ನ ಮಂಗಳೂರು ಬಳಿಯ ಮಳಲಿಯನ್ನು ನೆನಪಿಡಿ. 2022ರ ಏಪ್ರಿಲ್‌ನಲ್ಲಿ ಅಲ್ಲಿ ನವೀಕರಣಕ್ಕೆಂದು ಒಂದು ಭಾಗ ಬಿಚ್ಚಿದಾಗ ಒಳಗಿನ ಮರದ ಕೆತ್ತನೆ ಕಂಡು ‘ಇದು ದೇವಸ್ಥಾನವಾಗಿತ್ತು’ ಎಂಬ ವಿವಾದ ಎದ್ದು ನ್ಯಾಯಾಲಯ ತಲುಪಿತು. ಕರಾವಳಿಯ ಹಳೆಯ ಮಸೀದಿಗಳ ಮರಗೆಲಸ, ಇಳಿಜಾರು ಮಾಡು ಆ ನಾಡಿನ ಕಟ್ಟುವ ಶೈಲಿಯೇ ಎಂಬುದು ಬಲ್ಲವರಿಗೆ ಗೊತ್ತು. ಬಿಚ್ಚಿದ ಮೇಲೆ ಅದನ್ನು ವಿವರಿಸುವುದಕ್ಕಿಂತ ಬಿಚ್ಚುವ ಮುನ್ನ ದಾಖಲಿಸುವುದು ಸುಲಭ. ಪ್ರತಿ ಗೋಡೆ, ತೊಲೆ, ಕಂಬದ ದಿನಾಂಕ ಸಹಿತ ಚಿತ್ರ, ಎಂಜಿನಿಯರ್ ವರದಿ, ಸ್ಥಳೀಯ ಸಂಸ್ಥೆಯ ಅನುಮತಿ, ಇವು ಕೈಸೇರಿದ ಮೇಲೆ ಸುತ್ತಿಗೆ ಎತ್ತಿ. 1991ರ ಪೂಜಾ ಸ್ಥಳಗಳ ಕಾಯ್ದೆ, 1947ರ ಆಗಸ್ಟ್ 15ರಂದು ಇದ್ದ ಧಾರ್ಮಿಕ ಸ್ವರೂಪ ಹಾಗೆಯೇ ಉಳಿಯಬೇಕೆನ್ನುತ್ತದೆ. ಇಂಥ ಹೊಸ ದಾವೆಗಳನ್ನು ದಾಖಲಿಸಿಕೊಳ್ಳಬಾರದು, ನಡೆಯುತ್ತಿರುವವುಗಳಲ್ಲಿ ಸಮೀಕ್ಷೆ ಸೇರಿದಂತೆ ಪರಿಣಾಮಕಾರಿ ಆದೇಶ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 12ರಂದು ಸೂಚಿಸಿತು. ನಿಮ್ಮ ಮೇಲೆ ಅಂಥ ದಾವೆ ಬಂದರೆ ವಕೀಲರು ಮೊದಲ ದಿನವೇ ಈ ಆದೇಶದ ಪ್ರತಿ ಹಾಜರುಪಡಿಸಲಿ. ಪಾಲಿಕೆಯ ತೆರವು ನೋಟಿಸಿಗೆ ಮಾತ್ರ ಈ ಕಾಯ್ದೆ ಉತ್ತರವಲ್ಲ. ಅದು ಸ್ವರೂಪ ಬದಲಾವಣೆಯನ್ನು ತಡೆಯುತ್ತದೆ, ಕಟ್ಟಡ ನಿಯಮದ ಉಲ್ಲಂಘನೆಯನ್ನು ಕಾಯುವುದಿಲ್ಲ.

ನೋಟಿಸನ್ನು ಓದುವ ಬಗೆ

ಲಕೋಟೆ ಎಸೆಯಬೇಡಿ, ಅಂಚೆ ಮುದ್ರೆಯ ದಿನಾಂಕ ಬೇಕಾಗುತ್ತದೆ. ಗೋಡೆಗೆ ಅಂಟಿಸಿದ್ದರೆ ಅಂಟಿಸಿದ ಸ್ಥಿತಿಯಲ್ಲೇ ಚಿತ್ರ ತೆಗೆಯಿರಿ. ಸಹಿ ಹಾಕಿ ಪಡೆಯುವಾಗ ಸಹಿಯ ಪಕ್ಕ ದಿನಾಂಕ ಮತ್ತು ಗಂಟೆ ಬರೆಯಿರಿ. ನೋಟಿಸ್ ಪಡೆಯಲು ನಿರಾಕರಿಸುವುದು ಜಾಣತನವಲ್ಲ. ‘ನಿರಾಕರಿಸಿದರು’ ಎಂದು ಷರಾ ಬರೆದರೆ ಜಾರಿಯಾದಂತೆಯೇ, ನಿಮ್ಮ ಕೈಯಲ್ಲಿ ಮಾತ್ರ ಕಾಗದ ಇರುವುದಿಲ್ಲ.

ಆಮೇಲೆ ಕಾಯ್ದೆಯ ಹೆಸರು, ಕಲಂ ಹುಡುಕಿ. ಬೆಂಗಳೂರು ಬಿಟ್ಟು ಬೇರೆ ಮಹಾನಗರ ಪಾಲಿಕೆಯ ನೋಟಿಸಾದರೆ 1976ರ ಮಹಾನಗರ ಪಾಲಿಕೆಗಳ ಕಾಯ್ದೆಯ 321ನೇ ಕಲಂ. 321(1) ತಾತ್ಕಾಲಿಕ ಆದೇಶ, 321(2) ಕಾರಣ ಕೇಳುವ ನೋಟಿಸ್, 321(3) ದೃಢೀಕರಣ. ಮೊದಲ ಎರಡು ಬಂದಿದ್ದರೆ ಉತ್ತರ ಕೊಡಬೇಕು, ಮೂರನೆಯದು ಬಂದಿದ್ದರೆ ಮೇಲ್ಮನವಿ ಹಾಕಬೇಕು. ನಗರಸಭೆ, ಪುರಸಭೆಗಳಲ್ಲಿ 1964ರ ಪುರಸಭೆಗಳ ಕಾಯ್ದೆಯ 187, ಪಂಚಾಯಿತಿಯಲ್ಲಿ 1993ರ ಕಾಯ್ದೆಯ 64 ಅಥವಾ 72. ತಹಶೀಲ್ದಾರರ ಕಡೆಯಿಂದ ಬಂದದ್ದರಲ್ಲಿ ಭೂಕಂದಾಯ ಕಾಯ್ದೆಯ 94 ಅಥವಾ 104 ಇರುತ್ತದೆ. 1974ರ ಸಾರ್ವಜನಿಕ ಆವರಣಗಳ ಕಾಯ್ದೆಯಡಿ 4ನೇ ಕಲಂ ನೋಟಿಸ್, 5ನೇ ಕಲಂ ಆದೇಶ, 10ನೇ ಕಲಂ ಪ್ರಕಾರ ಜಿಲ್ಲಾ ನ್ಯಾಯಾಧೀಶರ ಮುಂದೆ ಮೇಲ್ಮನವಿ. ಯಾವ ಕಲಮೂ ಇಲ್ಲದೆ ‘ತಕ್ಷಣ ತೆರವುಗೊಳಿಸತಕ್ಕದ್ದು’ ಎಂದಷ್ಟೇ ಬರೆದ ನೋಟಿಸ್‌ಗಳೂ ಬರುತ್ತವೆ. ಯಾವ ಕಲಮಿನಡಿ ಎಂದು ಅದೇ ದಿನ ಲಿಖಿತವಾಗಿ ಕೇಳಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

2024ರ ನವೆಂಬರ್ 13ರ ತೀರ್ಪು: ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಬುಲ್ಡೋಜರ್ ತೆರವುಗಳ ಕುರಿತು ನ್ಯಾಯಮೂರ್ತಿಗಳಾದ ಬಿ.ಆರ್. ಗವಾಯಿ ಮತ್ತು ಕೆ.ವಿ. ವಿಶ್ವನಾಥನ್ ಕೊಟ್ಟ ಈ ತೀರ್ಪು ಇಂದು ಸಮಿತಿಯ ಕೈಯಲ್ಲಿರುವ ಅತ್ಯಂತ ಗಟ್ಟಿ ಸಾಧನ. ಸ್ಥಳೀಯ ಕಾಯ್ದೆ ಹೇಳಿದ ಅವಧಿ ಅಥವಾ 15 ದಿನ, ಎರಡರಲ್ಲಿ ಹೆಚ್ಚಿನದಷ್ಟು ಕಾಲಾವಕಾಶದ ನೋಟಿಸ್ ಇಲ್ಲದೆ ಕೆಡವುವಂತಿಲ್ಲ. ನೋಟಿಸ್ ನೋಂದಾಯಿತ ಅಂಚೆಯಲ್ಲಿ ಬರಬೇಕು, ಕಟ್ಟಡದ ಹೊರಭಾಗದಲ್ಲಿ ಅಂಟಿಸಿರಬೇಕು, ಜಿಲ್ಲಾಧಿಕಾರಿ ಕಚೇರಿಗೆ ಇಮೇಲ್ ಹೋಗಿರಬೇಕು. ಉಲ್ಲಂಘನೆ ಯಾವುದು, ನೀವು ಯಾವ ದಾಖಲೆ ತರಬೇಕು, ವೈಯಕ್ತಿಕ ವಿಚಾರಣೆ ಯಾವ ದಿನ, ಯಾರ ಮುಂದೆ ಎಂಬುದು ಅದರಲ್ಲೇ ಇರಬೇಕು. ವಿಚಾರಣೆಯ ನಡಾವಳಿ ದಾಖಲಾಗಬೇಕು. ಅಂತಿಮ ಆದೇಶದಲ್ಲಿ ನಿಮ್ಮ ವಾದ, ಅದನ್ನು ಒಪ್ಪದಿದ್ದರೆ ಕಾರಣ, ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸಲು ಸಾಧ್ಯವೇ, ಒಂದು ಭಾಗವಷ್ಟೇ ಅಕ್ರಮವೇ, ಪೂರ್ತಿ ಕೆಡವುವುದೊಂದೇ ದಾರಿ ಏಕೆ ಎಂಬುದಕ್ಕೆ ಉತ್ತರ ಇರಬೇಕು. ಆದೇಶ ಕೈಸೇರಿದ ಮೇಲೂ ಮತ್ತೆ 15 ದಿನ ಕಾಯಬೇಕು.

ಇವನ್ನು ಪಟ್ಟಿ ಮಾಡಿ, ನಿಮ್ಮ ನೋಟಿಸಿನಲ್ಲಿ ಯಾವುದು ಇಲ್ಲ ಎಂದು ಪಕ್ಕದಲ್ಲಿ ಬರೆಯಿರಿ. ಉತ್ತರದ ಮೊದಲ ಪುಟ ಅದೇ.

ಸಿಗದಿರುವುದನ್ನೂ ತಿಳಿದಿರಿ. ರಸ್ತೆ, ಬೀದಿ, ಪಾದಚಾರಿ ಮಾರ್ಗ, ರೈಲು ಹಳಿಯ ಪಕ್ಕ, ನದಿ ಮತ್ತು ಜಲಮೂಲಗಳಂಥ ಸಾರ್ವಜನಿಕ ಜಾಗದಲ್ಲಿರುವ ಅನಧಿಕೃತ ಕಟ್ಟಡಕ್ಕೂ, ನ್ಯಾಯಾಲಯವೇ ಕೆಡವಲು ಹೇಳಿದ ಕಟ್ಟಡಕ್ಕೂ ಈ ನಿರ್ದೇಶನಗಳು ಅನ್ವಯಿಸುವುದಿಲ್ಲ. ಆದ್ದರಿಂದಲೇ ತಹಶೀಲ್ದಾರರ ವರದಿಯಲ್ಲಿ ‘ರಸ್ತೆ’ ಅಥವಾ ‘ಕೆರೆ’ ಎಂಬ ಪದ ಸೇರಿದರೆ ಆಟವೇ ಬದಲಾಗುತ್ತದೆ. ಆ ಪದ ಯಾವ ಅಳತೆಯಿಂದ ಬಂತು ಎಂಬುದನ್ನು ಪ್ರಶ್ನಿಸಲು ಮುಂಚೆಯೇ ಮಾಡಿಸಿಟ್ಟ ಹದ್ದುಬಸ್ತು ನಕ್ಷೆ ಬೇಕು.

ಉತ್ತರ ಬರೆಯುವಾಗ ಬೀಳುವ ಗುಂಡಿಗಳು

‘ನಾವು 40 ವರ್ಷಗಳಿಂದ ಸರ್ಕಾರಿ ಜಾಗದಲ್ಲಿ ಪ್ರಾರ್ಥನೆ ಮಾಡಿಕೊಂಡು ಬಂದಿದ್ದೇವೆ, ದಯವಿಟ್ಟು ಸಕ್ರಮ ಮಾಡಿಕೊಡಿ.’ ಸಮಿತಿಗಳ ಲೆಟರ್‌ಹೆಡ್‌ನಲ್ಲಿ ಇಂಥ ಸಾಲು ಮತ್ತೆ ಮತ್ತೆ ಬರುತ್ತದೆ. ಇದು ಒತ್ತುವರಿಯ ತಪ್ಪೊಪ್ಪಿಗೆ. ಮುಂದೆ ಯಾವ ನ್ಯಾಯಾಲಯಕ್ಕೆ ಹೋದರೂ ಸರ್ಕಾರಿ ವಕೀಲರು ಮೊದಲು ಓದುವುದು ಇದೇ ಕಾಗದವನ್ನು. ಭೂಕಂದಾಯ ಕಾಯ್ದೆಯ 94ಸಿ ಅಡಿ ಸಕ್ರಮಕ್ಕೆ ಅರ್ಜಿ ಹಾಕುವುದೂ ಅಷ್ಟೇ ತಪ್ಪು. ಅದು ವಾಸದ ಮನೆಗಳಿಗೆ ಇರುವ ಅವಕಾಶ. ‘ಜಾಗ ನಮ್ಮದೇ’ ಮತ್ತು ‘ಪ್ರತಿಕೂಲ ಸ್ವಾಧೀನದಿಂದ (ಬೇರೆಯವರ ಜಾಗವನ್ನು ದೀರ್ಘಕಾಲ ವಶದಲ್ಲಿಟ್ಟುಕೊಂಡದ್ದರಿಂದ) ನಮ್ಮದಾಯಿತು’ ಎಂಬ ಎರಡು ವಾದ ಒಂದೇ ಕಾಗದದಲ್ಲಿ ಹೊಂದುವುದಿಲ್ಲ. ಸರ್ಕಾರದ ವಿರುದ್ಧ ಪ್ರತಿಕೂಲ ಸ್ವಾಧೀನಕ್ಕೆ 30 ವರ್ಷ ಬೇಕು, ಅದೂ ಬಹಿರಂಗವಾಗಿ, ಸರ್ಕಾರದ ಹಕ್ಕನ್ನು ಅಲ್ಲಗಳೆದು.

ನೋಟಿಸ್ ಯಾರ ಹೆಸರಿಗಿದೆಯೋ ಅವರೇ ಉತ್ತರಿಸಲಿ. ವಕ್ಫ್ ಸಂಸ್ಥೆಯಾದರೆ ಮಂಡಳಿಗೂ ಅದೇ ದಿನ ಪ್ರತಿ ಕಳಿಸಿ. ಮಂಡಳಿಯನ್ನು ಪಕ್ಷಗಾರರನ್ನಾಗಿ ಮಾಡದೆ ಹೋದ ಅರ್ಜಿಗಳು ಅರ್ಧದಲ್ಲಿ ನಿಲ್ಲುತ್ತವೆ. ಸಮಿತಿಯೊಳಗೆ ಎರಡು ಬಣಗಳಿದ್ದರೆ ಎರಡು ಉತ್ತರ ಹೋಗದಂತೆ ನೋಡಿಕೊಳ್ಳಿ. ಒಂದಕ್ಕೊಂದು ವಿರುದ್ಧವಾದ ಎರಡು ಉತ್ತರಗಳಿಗಿಂತ ಉತ್ತರ ಕೊಡದಿರುವುದೇ ವಾಸಿ ಎನ್ನುವಷ್ಟು ಹಾನಿ ಅದರಿಂದ ಆಗುತ್ತದೆ.

ಧಾರ್ಮಿಕ ಸ್ವಾತಂತ್ರ್ಯ ಕೊಡುವ ಸಂವಿಧಾನದ 25 ಮತ್ತು 26ನೇ ವಿಧಿಗಳನ್ನು ಬರೆಯಿರಿ, ಆದರೆ ಭಾರವೆಲ್ಲ ಅವುಗಳ ಮೇಲೆ ಹಾಕಬೇಡಿ. ಬೇರೆ ಆಸ್ತಿಯಂತೆ ಮಸೀದಿಯನ್ನೂ ಸರ್ಕಾರ ಸ್ವಾಧೀನಪಡಿಸಿಕೊಳ್ಳಬಹುದು ಎಂದು 1994ರ ಇಸ್ಮಾಯಿಲ್ ಫಾರೂಕಿ ತೀರ್ಪು ಹೇಳಿದೆ. ಕಾನೂನಿನ ಕ್ರಮವಿಲ್ಲದೆ ಆಸ್ತಿ ಕಸಿಯುವಂತಿಲ್ಲ ಎನ್ನುವ 300ಎ ವಿಧಿ, ಸಹಜ ನ್ಯಾಯ, ಇದೇ ಬೀದಿಯ ಬೇರೆ ಕಟ್ಟಡಗಳಿಗೆ ನೋಟಿಸ್ ಹೋಗಿಲ್ಲ ಎಂಬುದಕ್ಕೆ ದಾಖಲೆ, ಇವು ಹೆಚ್ಚು ಕೆಲಸ ಮಾಡುತ್ತವೆ. ಆ ದಾಖಲೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ: 10 ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದದೊಳಗೆ. ಕರ್ನಾಟಕದ ನಿಯಮ ಹೀಗಿರುವುದರಿಂದ ಎರಡು ವಿಷಯ ಬೆರೆಸಿದ ಅರ್ಜಿ ತಿರಸ್ಕೃತವಾಗುತ್ತದೆ.

2021ರ ರಕ್ಷಣಾ ಕಾಯ್ದೆಯನ್ನು ಬಳಸುವುದು

ಸಾರ್ವಜನಿಕ ಜಾಗದಲ್ಲಿ ದೇವಸ್ಥಾನ, ಚರ್ಚ್, ಮಸೀದಿ, ಗುರುದ್ವಾರದ ಹೆಸರಿನಲ್ಲಿ ಹೊಸ ಅನಧಿಕೃತ ನಿರ್ಮಾಣ ಆಗಕೂಡದು, ಇರುವವನ್ನು ಒಂದೊಂದಾಗಿ ಪರಿಶೀಲಿಸಬೇಕು ಎಂದು ಸುಪ್ರೀಂ ಕೋರ್ಟ್ 2009ರ ಸೆಪ್ಟೆಂಬರ್ 29ರಂದು ಆದೇಶಿಸಿತ್ತು. ಅದರ ಜಾರಿಯ ಭಾಗವಾಗಿ 2021ರಲ್ಲಿ ನಂಜನಗೂಡು ತಾಲ್ಲೂಕಿನ ಹುಚ್ಚಗಣಿಯ ಮಹದೇವಮ್ಮ ದೇವಸ್ಥಾನ ಉರುಳಿದಾಗ ರಾಜ್ಯವೇ ಸಿಡಿದೆದ್ದಿತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ವಿಧಾನಮಂಡಲ ಕರ್ನಾಟಕ ಧಾರ್ಮಿಕ ಕಟ್ಟಡಗಳ ರಕ್ಷಣಾ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಕಾಯ್ದೆ ಹುಟ್ಟಿದ್ದು ದೇವಸ್ಥಾನದಿಂದಾದರೂ ಅದರ ವ್ಯಾಖ್ಯೆಯಲ್ಲಿ ಚರ್ಚ್, ಮಸೀದಿ, ಗುರುದ್ವಾರ, ಬೌದ್ಧ ವಿಹಾರ, ಮಜಾರ್ ಎಲ್ಲವೂ ಇವೆ. ಇದು ಎಷ್ಟೋ ಅಲ್ಪಸಂಖ್ಯಾತ ಸಮಿತಿಗಳಿಗೆ ಗೊತ್ತೇ ಇಲ್ಲ, ಕೆಲವು ಅಧಿಕಾರಿಗಳು ನೆನಪಿಸುವುದೂ ಇಲ್ಲ.

ಕಾಯ್ದೆ ಜಾರಿಯಾದ ದಿನ ಸಾರ್ವಜನಿಕ ಜಾಗದಲ್ಲಿ ಇದ್ದ ಧಾರ್ಮಿಕ ಕಟ್ಟಡಗಳಿಗೆ ಅದು ರಕ್ಷಣೆ ಕೊಡುತ್ತದೆ. ತೆರವಿನ ಪ್ರಕರಣ ನ್ಯಾಯಾಲಯದಲ್ಲಿ ಬಾಕಿಯಿದ್ದರೆ ರಕ್ಷಣೆಯಿಲ್ಲ. ಹಾಗಾಗಿ ಎರಡನ್ನು ಸಾಬೀತು ಮಾಡಬೇಕು: ಅಂದು ಕಟ್ಟಡ ಇತ್ತು, ಅಂದು ಮೊಕದ್ದಮೆ ಇರಲಿಲ್ಲ. ಮೊದಲನೆಯದಕ್ಕೆ ವಿದ್ಯುತ್ ಬಿಲ್ಲು, ಗೂಗಲ್ ಅರ್ಥ್‌ನ ಹಿಂದಿನ ವರ್ಷಗಳ ಉಪಗ್ರಹ ಚಿತ್ರ, ಉರುಸ್ ಅಥವಾ ಹಬ್ಬಕ್ಕೆ ಪೊಲೀಸರು ಕೊಟ್ಟ ಹಳೆಯ ಅನುಮತಿ ಪತ್ರ ಸಾಕು. 2009ರ ಆದೇಶದ ನಂತರ ಜಿಲ್ಲೆಗಳಲ್ಲಿ ತಯಾರಾದ ಅನಧಿಕೃತ ಧಾರ್ಮಿಕ ಕಟ್ಟಡಗಳ ಪಟ್ಟಿಯ ಪ್ರತಿಯನ್ನೂ ತರಿಸಿ. ಆ ಪಟ್ಟಿಯಲ್ಲಿ ನಿಮ್ಮ ಕಟ್ಟಡ ಇದ್ದರೆ ಅಧಿಕಾರಿಗಳೇ ಅದು 2021ಕ್ಕೆ ಮುಂಚೆ ಇತ್ತೆಂದು ಬರೆದುಕೊಟ್ಟಂತೆ.

ಇಲ್ಲೊಂದು ಸೂಕ್ಷ್ಮವಿದೆ. ಈ ಕಾಯ್ದೆಯ ರಕ್ಷಣೆ ಕೇಳಿದರೆ ಜಾಗ ಸಾರ್ವಜನಿಕದ್ದು ಎಂದು ಒಪ್ಪಿದಂತಾಗುತ್ತದೆ. ನೆಲ ನಿಮ್ಮದೇ ಎಂಬ ದಾಖಲೆ ಇದ್ದರೆ ಮೊದಲ ವಾದ ಅದೇ ಇರಲಿ. ‘ಇದಕ್ಕೆ ಬಾಧಕವಿಲ್ಲದೆ, ಪರ್ಯಾಯವಾಗಿ’ ಎಂಬ ಮಾತಿನೊಂದಿಗೆ ಮಾತ್ರ 2021ರ ಕಾಯ್ದೆಯನ್ನು ತನ್ನಿ. 2021ರ ನಂತರ ಸೇರಿಸಿದ ಮಿನಾರು, ಕಾಂಪೌಂಡು, ಮಹಡಿಗೆ ಈ ಕಾಯ್ದೆಯ ಆಸರೆಯಿಲ್ಲ.

ತಡೆಯಾಜ್ಞೆ ಮತ್ತು ರಸ್ತೆ ಅಗಲೀಕರಣ

ಸರ್ಕಾರದ ವಿರುದ್ಧ ಸಿವಿಲ್ ದಾವೆಗೆ ಎರಡು ತಿಂಗಳ ಮುಂಚಿತ ನೋಟಿಸ್ ಬೇಕು, ತುರ್ತಿದ್ದರೆ ನ್ಯಾಯಾಲಯದ ಅನುಮತಿ ಪಡೆಯಬಹುದು. ವಕ್ಫ್ ವಿಷಯವಾದರೆ ಸಿವಿಲ್ ನ್ಯಾಯಾಲಯಕ್ಕೆ ಅಧಿಕಾರವಿಲ್ಲ, ನ್ಯಾಯಮಂಡಳಿಗೆ ಹೋಗಬೇಕು. ನೋಟಿಸಿನ ಕ್ರಮವೇ ತಪ್ಪಿದ್ದರೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟ್. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರದವರಿಗೆ ಕಲಬುರಗಿ ಪೀಠ. ಬೆಳಗಾವಿ, ಧಾರವಾಡ, ಬಳ್ಳಾರಿ ಕಡೆಯವರಿಗೆ ಧಾರವಾಡ ಪೀಠ. ಹಳೇ ಮೈಸೂರು, ಮಂಗಳೂರು ಕಡೆಯವರಿಗೆ ಬೆಂಗಳೂರು. ಮೇಲ್ಮನವಿಯ ಅವಕಾಶ ಬಳಸದೆ ನೇರ ಹೋದರೆ ‘ಮೊದಲು ಅಲ್ಲಿಗೆ ಹೋಗಿ’ ಎಂದು ವಾಪಸ್ ಕಳಿಸುವ ಸಂಭವ ಹೆಚ್ಚು. ಅಷ್ಟರೊಳಗೆ ನಿಮ್ಮ 15 ದಿನ ಕರಗಿರುತ್ತದೆ. ಖರ್ಚು ಭರಿಸಲಾಗದ ಸಮಿತಿಯಾದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ವಿಚಾರಿಸಿ, ಸಹಾಯವಾಣಿ 15100. ಅಲ್ಪಸಂಖ್ಯಾತರ ಆಯೋಗಕ್ಕೂ ದೂರು ಕೊಡಬಹುದು, ಆದರೆ ಆಯೋಗದ ಪತ್ರ ತಡೆಯಾಜ್ಞೆಯಲ್ಲ.

ತಡೆಯಾಜ್ಞೆ ಸಿಕ್ಕರೆ ಅದು ಯಾವ ದಿನದವರೆಗೆ ಎಂದು ದೊಡ್ಡಕ್ಷರದಲ್ಲಿ ಬರೆದು ಗೋಡೆಗೆ ಹಾಕಿ. ಉತ್ತರ ಪ್ರದೇಶದ ಕುಶಿನಗರ ಜಿಲ್ಲೆಯ ಹಾಟಾದಲ್ಲಿ ಮದನಿ ಮಸೀದಿಗೆ ಹೈಕೋರ್ಟ್ ತಡೆ 2025ರ ಫೆಬ್ರವರಿ 8ರವರೆಗೆ ಇತ್ತು. ಫೆಬ್ರವರಿ 9ರ ಭಾನುವಾರ ಬುಲ್ಡೋಜರ್ ಬಂತು. ಸುಪ್ರೀಂ ಕೋರ್ಟ್ ಅಧಿಕಾರಿಗಳಿಗೆ ನ್ಯಾಯಾಂಗ ನಿಂದನೆ ನೋಟಿಸ್ ಕೊಟ್ಟದ್ದು ಅದಾದ ಮೇಲೆ. ವಿಸ್ತರಣೆಯ ಅರ್ಜಿಯನ್ನು ಕನಿಷ್ಠ ಒಂದು ವಾರ ಮುಂಚೆ ಹಾಕಿ, ನಡುವೆ ರಜೆ ಬೀಳುತ್ತದೆಯೇ ಎಂದು ಕ್ಯಾಲೆಂಡರ್ ನೋಡಿ.

ರಸ್ತೆ ಅಗಲೀಕರಣದ ಪ್ರಕರಣದಲ್ಲಿ ಹೋರಾಟದ ಸಮಯ ಯೋಜನೆಯ ಆರಂಭದಲ್ಲಿದೆ. 2013ರ ಭೂಸ್ವಾಧೀನ ಕಾಯ್ದೆಯಡಿ ಪ್ರಾಥಮಿಕ ಅಧಿಸೂಚನೆಯಿಂದ 60 ದಿನದೊಳಗೆ ಆಕ್ಷೇಪ ಸಲ್ಲಿಸಬೇಕು. ವಕ್ಫ್ ಆಸ್ತಿಯಾದರೆ ಮಂಡಳಿಗೂ ತಿಳಿಸಬೇಕು. ಹುಬ್ಬಳ್ಳಿಯ ಭೈರಿದೇವರಕೊಪ್ಪದ ದರ್ಗಾವನ್ನು ಬಿಆರ್‌ಟಿಎಸ್ (ತ್ವರಿತ ಬಸ್ ಸಾರಿಗೆ) ರಸ್ತೆಗಾಗಿ 2022ರ ಡಿಸೆಂಬರ್‌ನಲ್ಲಿ ತೆರವು ಮಾಡಿದ್ದು ಹೈಕೋರ್ಟ್ ಅರ್ಜಿ ತಳ್ಳಿಹಾಕಿದ ನಂತರ. ಆ ಹಂತ ತಲುಪಿದ ಮೇಲೆ ಕೇಳಲು ಉಳಿಯುವುದು ಪರಿಹಾರದ ಮೊತ್ತ, ಬದಲಿ ಜಾಗ, ಗೋರಿಗಳನ್ನು ಗೌರವದಿಂದ ಸ್ಥಳಾಂತರಿಸಲು ಸಮಯ, ಇಷ್ಟೇ. ಅಧಿಸೂಚನೆ ಬಂದಾಗಲೇ ರಸ್ತೆಯ ಮಧ್ಯರೇಖೆಯಿಂದ ಎರಡೂ ಬದಿಗೆ ಎಷ್ಟೆಷ್ಟು ಮೀಟರ್ ತೆಗೆಯುತ್ತಾರೆ ಎಂದು ನಕ್ಷೆ ತರಿಸಿ ಅಳೆಯಿರಿ. ಎರಡು ಬದಿಯ ಅಳತೆ ಅಸಮವಾಗಿದ್ದರೆ ಆಗ ಎತ್ತುವ ಆಕ್ಷೇಪಕ್ಕೆ ಬೆಲೆಯಿದೆ.

ಜೆಸಿಬಿ ಬಂದ ಬೆಳಗ್ಗೆ

ಮೂವರು ಮಾತ್ರ ಮುಂದೆ ನಿಲ್ಲಲಿ: ಮಾತಾಡಲು ಒಬ್ಬರು, ಚಿತ್ರೀಕರಿಸಲು ಒಬ್ಬರು, ವಕೀಲರ ಜೊತೆ ಫೋನಿನಲ್ಲಿ ಒಬ್ಬರು. ಯುವಕರನ್ನು ಯಂತ್ರದ ಮುಂದೆ ಮಲಗಿಸಬೇಡಿ. ಸರ್ಕಾರಿ ನೌಕರರ ಕರ್ತವ್ಯಕ್ಕೆ ಅಡ್ಡಿ ಎಂಬ ಪ್ರಕರಣ ಬಿದ್ದರೆ ಆಮೇಲಿನ ವರ್ಷಗಳೆಲ್ಲ ಜಾಮೀನಿಗೆ ಹೋಗುತ್ತವೆ, ಕಟ್ಟಡದ ಮೊಕದ್ದಮೆ ಹಿಂದೆ ಬೀಳುತ್ತದೆ. ಆದೇಶದ ಪ್ರತಿ ಕೇಳಿ. ಕೆಡವುವ ಮುನ್ನ ಇಬ್ಬರು ಪಂಚರ ಸಹಿಯಿರುವ ಸ್ಥಳ ಪರಿಶೀಲನಾ ವರದಿ ಆಗಬೇಕು, ಇಡೀ ಕೆಲಸದ ವಿಡಿಯೊ ತೆಗೆಯಬೇಕು, ಹಾಜರಿದ್ದ ಪೊಲೀಸರು ಮತ್ತು ಸಿಬ್ಬಂದಿಯ ಹೆಸರಿನ ವರದಿ ಮೇಲಕ್ಕೆ ಹೋಗಬೇಕು ಎಂದು 2024ರ ನವೆಂಬರ್ ತೀರ್ಪು ಹೇಳಿದೆ. ಆ ವರದಿ ಎಲ್ಲಿ ಎಂದು ಶಾಂತವಾಗಿ, ಕ್ಯಾಮೆರಾದ ಮುಂದೆ ಕೇಳಿ. ತಡೆಯಾಜ್ಞೆ ಇದ್ದರೆ ಅದರ ಪ್ರತಿಯನ್ನು ಹಿರಿಯ ಅಧಿಕಾರಿಯ ಕೈಗೆ ಕೊಟ್ಟು, ಕೊಟ್ಟದ್ದನ್ನು ಚಿತ್ರೀಕರಿಸಿ, ಅದೇ ನಿಮಿಷ ಜಿಲ್ಲಾಧಿಕಾರಿ ಮತ್ತು ಆಯುಕ್ತರಿಗೆ ಇಮೇಲ್ ಮಾಡಿ.

ತಡೆ ಇಲ್ಲದಿದ್ದರೆ ಪವಿತ್ರ ವಸ್ತುಗಳಿಗೆ ಒಂದೆರಡು ಗಂಟೆ ಸಮಯ ಕೇಳಿ. ಕುರ್‌ಆನ್ ಪ್ರತಿಗಳು, ಮಜಾರಿನ ಚಾದರ, ಚರ್ಚಿನ ಪರಮಪ್ರಸಾದದ ಪೆಟ್ಟಿಗೆ, ಶಿಲುಬೆ, ದಾಖಲೆಯ ಕಪಾಟು, ಹುಂಡಿ, ಈ ಕ್ರಮದಲ್ಲಿ ಹೊರಗೆ ತನ್ನಿ. ಹುಂಡಿಯನ್ನು ಅಧಿಕಾರಿಗಳ ಎದುರೇ ಎಣಿಸಿ ಬರೆಸಿ. ಸಾಗಿಸಿದ ಪ್ರತಿ ವಸ್ತುವಿನ ಪಟ್ಟಿಗೆ ಅಧಿಕಾರಿಯ ಸಹಿ ಕೇಳಿ, ಕೊಡದಿದ್ದರೆ ‘ಸಹಿ ಹಾಕಲಿಲ್ಲ’ ಎಂದು ಬರೆದು ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ.

ಕ್ರಮ ತಪ್ಪಿ ಕೆಡವಿದ್ದರೆ ಅವಶೇಷವನ್ನು ಕೂಡಲೇ ಸಾಗಿಸಲು ಬಿಡಬೇಡಿ. ಅದು ಅಳತೆಯ ಸಾಕ್ಷಿ. ನಿರ್ದೇಶನ ಮುರಿದ ಅಧಿಕಾರಿ ತನ್ನ ಸ್ವಂತ ಖರ್ಚಿನಲ್ಲಿ ಆಸ್ತಿಯನ್ನು ಮೊದಲಿನಂತೆ ಮಾಡಿಕೊಡಬೇಕು, ಜೊತೆಗೆ ನಷ್ಟ ತುಂಬಿಕೊಡಬೇಕು ಎಂದು ತೀರ್ಪಿನಲ್ಲಿದೆ. ಅದನ್ನು ಕೇಳಲು ಕಟ್ಟಡದ ಬೆಲೆ ತೋರಿಸಬೇಕು. ನೋಂದಾಯಿತ ಮೌಲ್ಯಮಾಪಕರನ್ನು ಒಂದು ವಾರದೊಳಗೆ ಸ್ಥಳಕ್ಕೆ ಕರೆಸಿ ಅಡಿಪಾಯದ ಅಳತೆ ತೆಗೆಸಿ. ಮಳೆಗಾಲವಾದರೆ ಮೂರೇ ದಿನದಲ್ಲಿ.